ಬ್ಯಾಂಕಾಕಲ್ಲಿರೋ ನಮ್ಮ ಹುಡುಗ ಬರ್ಮಾ ಮಿಲಿಟರಿ ವಿರುದ್ಧದ ಪ್ರೊಟೆಸ್ಟಿಗೆ ಹೋಗ್ಬೇಕಾ ಬ್ಯಾಡ್ವಾ?

ನಮ್ಮ ಅಕ್ಕನ ಮಗ ಬ್ಯಾಂಕಾಕಲ್ಲಿ ಕೆಲಸಕ್ಕಿದಾನೆ, ಮೂರು ವರ್ಷ ಆಯ್ತು. ಜನವರಿ ಕೊನೇಲಿ ಇಲ್ಲಿ ಸಾಗರದ ಹತ್ರ ನಮ್ಮನೇಲಿ ಅಡಿಕೆ ಸುಲಿಯೋ ಗಡಿಬಿಡಿ, ಅಂಗಳದ ತುಂಬ ಹರಡಿದ್ ಅಡಿಕೆ, ಅದರ ಮಧ್ಯೆ ಅವನ ಫೋನ್ ಬಂತು. ಆಫೀಸಲ್ಲಿ ಅವನ ಪಕ್ಕದ ಸೀಟಿನ ಹುಡುಗಿ ಬರ್ಮಾದವಳು, ಅಂದ್ರೆ ಈಗಿನ ಮ್ಯಾನ್ಮಾರ್, ಫೆಬ್ರವರಿ 1ಕ್ಕೆ ಅಲ್ಲಿನ ಮ್ಯಾನ್ಮಾರ್ ಎಂಬಸಿ ಮುಂದೆ ಪ್ರೊಟೆಸ್ಟ್ ಇದೆ ನೀನೂ ಬರ್ತೀಯಾ ಅಂತ ಕೇಳಿದಾಳೆ, ಹೋಗ್ಲಾ ಬ್ಯಾಡ್ವಾ ಅಂತ ಅವನ ಪ್ರಶ್ನೆ. ಅಕ್ಕ ಅಲ್ಲೇ ಕೂತಿದ್ಲು, ಕತ್ತಿ ಕೈಲಿ ಹಿಡ್ಕಂಡೇ "ಬೇರೆಯವರ ಮನೆ ಜಗಳ ನಿಂಗೆಂತಕ್ಕೆ ಮಾರಾಯ" ಅಂದ್ಲು. ನಾನು ನಾಳೆ ಹೇಳ್ತೀನಿ ಅಂದೆ, ಯಾಕಂದ್ರೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸೋ ವಿಷ್ಯ ಇದಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರಿತಿದೀನಿ. ನಮ್ಮ ಕಡೆ ಹುಡುಗ್ರು ಈಗ ಸಿಂಗಾಪುರ, ಟೋಕಿಯೋ, ಬ್ಯಾಂಕಾಕ್ ಅಂತ ಎಲ್ಲಾ ಕಡೆ ಇದಾರೆ, ಇಂಥ ಕರೆ ಯಾರಿಗೂ ಬರ್ಬೋದು.

ಮೊದಲು ಬರ್ಮಾದಲ್ಲಿ ಆಗಿದ್ದೇನು ಅಂತ. ನಮ್ಮ ಹಳೇ ಮನೆಗಳಲ್ಲಿ ಬರ್ಮಾ ತೇಗದ ಮಾತು ಬರುತ್ತೆ, ತಿಲಕರನ್ನ 1908ರಿಂದ 1914ರವರೆಗೆ ಇಟ್ಟಿದ್ದ ಮಂಡಾಲೆ ಜೈಲಿನ ಕತೆ ಶಾಲೇಲಿ ಕೇಳಿದೀವಿ, 1937ರವರೆಗೆ ಅದು ಬ್ರಿಟಿಷ್ ಇಂಡಿಯಾದ್ದೇ ಭಾಗ ಆಗಿತ್ತು. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಕಿತ್ಕೊಂಡಾಗಿಂದ ಮಿಲಿಟರಿ ಅಲ್ಲಿ ಒಂದಲ್ಲ ಒಂದು ರೂಪದಲ್ಲಿ ಕೂತೇ ಇದೆ. 1988ರಲ್ಲಿ ಸ್ಟೂಡೆಂಟ್ಸ್ ಎದ್ದು ನಿಂತ್ರು, ಗುಂಡು ಹೊಡೆದು ಹತ್ತಿಕ್ಕಿದ್ರು. 1990ರ ಎಲೆಕ್ಷನಲ್ಲಿ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಪಕ್ಷ ಭಾರೀ ಗೆದ್ರೂ ಅಧಿಕಾರ ಬಿಟ್ಟುಕೊಡಲಿಲ್ಲ. 2007ರಲ್ಲಿ ಪೆಟ್ರೋಲ್ ಡೀಸೆಲ್ ರೇಟ್ ಏರಿಸಿದ್ದಕ್ಕೆ ಶುರುವಾದ ಚಳುವಳಿಗೆ ಬೌದ್ಧ ಭಿಕ್ಷುಗಳೇ ರಸ್ತೆಗಿಳಿದ್ರು. ಆಮೇಲೆ ಒಂದು ಹತ್ತು ವರ್ಷ ಸ್ವಲ್ಪ ಗಾಳಿ ಬೆಳಕು ಬಂತು ಅನ್ನೋ ಹೊತ್ತಿಗೆ, 2020ರ ನವೆಂಬರ್ ಎಲೆಕ್ಷನಲ್ಲಿ ಸೂ ಕಿ ಪಕ್ಷ ಮತ್ತೆ ಗೆಲ್ತು, ಹೊಸ ಪಾರ್ಲಿಮೆಂಟ್ ಸೇರಬೇಕಿದ್ದ ದಿನಾನೇ, ಅಂದ್ರೆ 2021ರ ಫೆಬ್ರವರಿ 1ರ ಬೆಳಗಿನ ಜಾವ, ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಎಲ್ಲರನ್ನೂ ಅರೆಸ್ಟ್ ಮಾಡಿಸಿದ.

ಮೊದಲು ಎದ್ದಿದ್ದು ಡಾಕ್ಟರ್ ನರ್ಸ್‌ಗಳು, ಸರ್ಕಾರಿ ಆಸ್ಪತ್ರೆ ಕೆಲಸ ಬಿಟ್ಟು ಹೊರಗೆ ಬಂದ್ರು. ದಿನಾ ರಾತ್ರಿ 8 ಗಂಟೆಗೆ ಊರೂರಲ್ಲಿ ಜನ ಪಾತ್ರೆ ತಟ್ಟೆ ಬಡಿಯೋಕೆ ಶುರು ಮಾಡಿದ್ರು, ಕೆಟ್ಟ ಶಕ್ತಿ ಓಡಿಸೋಕೆ ಅಲ್ಲಿನ ಹಳೇ ಪದ್ಧತಿ ಅದು. ನಾವು ಗದ್ದೆಗೆ ಹಂದಿ ಇಳಿದಾಗ ಡಬ್ಬ ಬಡಿತೀವಲ್ಲ, ಆ ಸದ್ದು ಒಂದಿಡೀ ದೇಶದ ಕಿಟಕಿಗಳಿಂದ ಬಂದ್ರೆ ಹೆಂಗಿರುತ್ತೆ ಅಂತ ಯೋಚನೆ ಮಾಡಿ. ಎಂಟೇ ದಿನಕ್ಕೆ ರಾಜಧಾನಿ ನೇಪಿಡೊದಲ್ಲಿ ಮ್ಯಾ ಥ್ವೆ ಥ್ವೆ ಖೈಂಗ್ ಅನ್ನೋ ಹುಡುಗಿ ತಲೆಗೆ ಗುಂಡು ಬಿತ್ತು, ಆಸ್ಪತ್ರೇಲಿ ಇರೋವಾಗ್ಲೇ ಅವಳಿಗೆ 20 ತುಂಬಿದ್ದು, ಫೆಬ್ರವರಿ 19ಕ್ಕೆ ತೀರಿಹೋದ್ಲು. 2022ರ ಜುಲೈನಲ್ಲಿ ನಾಲ್ಕು ಜನರನ್ನ ಗಲ್ಲಿಗೆ ಹಾಕಿದ್ರು, ಅವರಲ್ಲಿ ಒಬ್ಬರು ಮಾಜಿ ಎಂಪಿ ಫ್ಯೋ ಝೆಯಾ ಥಾ, ಇನ್ನೊಬ್ಬರು 88ರ ಸ್ಟೂಡೆಂಟ್ ಲೀಡರ್ ಕೋ ಜಿಮ್ಮಿ. 2024ರ ಫೆಬ್ರವರಿಯಲ್ಲಿ ಕಡ್ಡಾಯ ಸೇನಾಭರ್ತಿ ಕಾನೂನು ಜಾರಿ ಮಾಡಿದ್ರು, ಗಂಡಸರಿಗೆ 18ರಿಂದ 35, ಹೆಂಗಸರಿಗೆ 18ರಿಂದ 27 ವಯಸ್ಸು. ಅದಾದ್ಮೇಲೆ ಯಂಗೂನಿನ ಥಾಯ್ ಎಂಬಸಿ ಮುಂದೆ ವೀಸಾಕ್ಕೆ ಕ್ಯೂ ನಿಂತ್ಕೊಂಡ ಹುಡುಗ ಹುಡುಗೀರ ಫೋಟೋ ನೀವೂ ನೋಡಿರ್ತೀರಿ. ನಮ್ಮ ಹುಡುಗನ ಪಕ್ಕ ಕೂರೋಳು ಹಂಗೇ ದೇಶ ಬಿಟ್ಟವಳು.

ಈಗ ಅಕ್ಕನ ಮಾತಿಗೆ ಬರ್ತೀನಿ. ಬೇರೆಯವರ ಮನೆ ಜಗಳ ಅನ್ನೋದು ಸಣ್ಣ ಮಾತಲ್ಲ, ಅದನ್ನ ಹೆದರಿಕೆ ಅಂತ ತಳ್ಳಿಹಾಕೋಕಾಗಲ್ಲ. ಹೊರಗಿಂದ ಬಂದವನಿಗೆ ಆ ಜಗಳದ ಬೇರು ಗೊತ್ತಿರಲ್ಲ, ಪೆಟ್ಟು ಬಿದ್ದಾಗ ಅವನು ಹೊರಟು ಹೋಗ್ತಾನೆ, ಉಳಿಯೋರು ಊರೋರು. ಆದ್ರೆ ನಮ್ಮ ತಾಲೂಕಲ್ಲೇ ಇದಕ್ಕೆ ಒಂದು ಉತ್ತರ ಇದೆ, ನಾನು ಅಕ್ಕನಿಗೂ ಅದನ್ನೇ ಹೇಳಿದ್ದು.

1951ರ ಕಾಗೋಡು ಸತ್ಯಾಗ್ರಹ ನಮ್ಮ ಅಜ್ಜನ ಕಾಲದ್ದು. ಗೇಣಿ ಭತ್ತ ಅಳೆಯೋ ಕೊಳಗದ ಅನ್ಯಾಯದ ವಿರುದ್ಧ ಎದ್ದವರು ಗೇಣಿದಾರರು, ಹೆಚ್ಚಾಗಿ ದೀವರ ಸಮುದಾಯದವರು, ಮುಂದೆ ನಿಂತವರು ಗಣಪತಿಯಪ್ಪ. ಆಮೇಲೆ ಶಾಂತವೇರಿ ಗೋಪಾಲಗೌಡ್ರು ಮತ್ತೆ ಸೋಷಿಯಲಿಸ್ಟ್ ಪಾರ್ಟಿಯವರು ಜೊತೆಯಾದ್ರು, ಜೂನಲ್ಲಿ ರಾಮಮನೋಹರ ಲೋಹಿಯಾ ಬಂದ್ರು, ಅರೆಸ್ಟ್ ಆದ್ರು. ಕನ್ನಡ ಬಾರದ ಉತ್ತರದವರು, ಅಡಿಕೆ ತೋಟ ಭತ್ತದ ಗದ್ದೆ ವ್ಯವಹಾರ ಅವರದ್ದಲ್ಲ, ಆದ್ರೂ ಅವರು ಬಂದಿದ್ದಕ್ಕೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯ್ತು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಶುರು ಮಾಡಿದ್ದು ಊರೋರು, ಲೋಹಿಯಾ ಬಂದಿದ್ದು ಆಮೇಲೆ.

ಅದೇ ಲೋಹಿಯಾ ಅದಕ್ಕೂ ಐದು ವರ್ಷ ಮೊದಲು ನಿಜವಾಗ್ಲೂ ಪರದೇಶಕ್ಕೇ ಹೋಗಿದ್ರು, ಗೋವಾಕ್ಕೆ. ಕಾರವಾರ ದಾಟಿದ್ರೆ ಆಗ ಪೋರ್ಚುಗೀಸ್ ನೆಲ, ಲಿಸ್ಬನ್ನಲ್ಲಿ ಸಲಾಜಾರ್ ಸರ್ವಾಧಿಕಾರ, ಮೀಟಿಂಗ್ ಮಾಡೋ ಹಾಗಿಲ್ಲ ಭಾಷಣ ಮಾಡೋ ಹಾಗಿಲ್ಲ. 1946ರ ಜೂನ್ 18ಕ್ಕೆ ಮಡಗಾಂವಲ್ಲಿ ಲೋಹಿಯಾ ಆ ನಿಷೇಧ ಮುರಿದ್ರು, ಹಿಡಿದ್ರು, ಬಿಟ್ರು, ಸೆಪ್ಟೆಂಬರಲ್ಲಿ ಮತ್ತೆ ಹೋದ್ರು, ಮತ್ತೆ ಹಿಡಿದು ಕೆಲವು ದಿನ ಆಗ್ವಾದ ಕೋಟೇಲಿ ಇಟ್ಟು ಗಡಿಯಿಂದ ಆಚೆ ಹಾಕಿದ್ರು. ಪಣಜೀಲಿ ಜೂನ್ 18 ರಸ್ತೆ ಅಂತ ಈಗ್ಲೂ ಇದೆ. ಆದ್ರೆ ಅದೇ ಚಳುವಳಿಯ ಗೋವಾದ ನಾಯಕ ತ್ರಿಸ್ಟಾವ್ ಬ್ರಗಾಂಜಾ ಕುನ್ಹಾಗೆ ಏನಾಯ್ತು? ಮಿಲಿಟರಿ ಕೋರ್ಟಲ್ಲಿ ವಿಚಾರಣೆ, 8 ವರ್ಷ ಶಿಕ್ಷೆ, ಹಡಗಲ್ಲಿ ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ. ಹೊರಗಿನವನಿಗೆ ದಿನಗಳ ಲೆಕ್ಕ, ಒಳಗಿನವನಿಗೆ ವರ್ಷಗಳ ಲೆಕ್ಕ. ಈ ವ್ಯತ್ಯಾಸ ತಲೇಲಿಟ್ಕೊಳ್ಳದೆ ಇದರ ಬಗ್ಗೆ ಮಾತಾಡೋದೇ ಸರಿಯಲ್ಲ ಅಂತ ನಂಗನ್ಸುತ್ತೆ.

ಬರ್ಮಾದಲ್ಲೂ ಹಂಗೇ ಆಗಿದೆ. 1998ರ ಆಗಸ್ಟಲ್ಲಿ, 88ರ ಚಳುವಳಿಗೆ ಹತ್ತು ವರ್ಷ ತುಂಬಿದಾಗ, 18 ಜನ ವಿದೇಶೀಯರು ಟೂರಿಸ್ಟ್ ಆಗಿ ಹೋಗಿ ರಂಗೂನಿನಲ್ಲಿ (ಈಗಿನ ಯಂಗೂನ್) ಚಿಕ್ಕ ಚಿಕ್ಕ ಚೀಟಿ ಹಂಚಿದ್ರು, ನಿಮ್ಮನ್ನ ಮರೆತಿಲ್ಲ ಅನ್ನೋ ಅರ್ಥದ್ದು. ಅಮೆರಿಕ, ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಫಿಲಿಪೈನ್ಸ್, ಆಸ್ಟ್ರೇಲಿಯಾದವರು. ಎಲ್ಲರಿಗೂ 5 ವರ್ಷ ಶಿಕ್ಷೆ ಅಂತ ಕೋರ್ಟ್ ಹೇಳ್ತು, ಒಂದು ವಾರದೊಳಗೆ ಗಡೀಪಾರು ಮಾಡಿ ವಿಮಾನ ಹತ್ತಿಸಿದ್ರು, ಜಗತ್ತಿನ ಪೇಪರಲ್ಲೆಲ್ಲ ಸುದ್ದಿ. ಅದೇ 88ರ ಸ್ಟೂಡೆಂಟ್ ನಾಯಕ ಮಿನ್ ಕೋ ನೈಂಗ್ 1989ರಲ್ಲಿ ಒಳಗೆ ಹೋದವರು ಹೊರಗೆ ಬಂದಿದ್ದು 2004ರಲ್ಲಿ.

ಹಾಗಂತ ವಿದೇಶಿ ಪಾಸ್‌ಪೋರ್ಟ್ ಯಾವಾಗ್ಲೂ ಕಾಪಾಡುತ್ತೆ ಅಂತಾನೂ ಅಲ್ಲ. ಜೇಮ್ಸ್ ಮಾಡ್ಸ್ಲಿ ಅನ್ನೋ ಬ್ರಿಟಿಷ್ ಯುವಕನಿಗೆ 1999ರಲ್ಲಿ 17 ವರ್ಷ ಶಿಕ್ಷೆ ಹಾಕಿ ಒಂದು ವರ್ಷದ ಮೇಲೆ ಒಬ್ಬಂಟಿ ಸೆಲ್ಲಲ್ಲಿ ಇಟ್ಟಿದ್ರು. 2007ರ ಸೆಪ್ಟೆಂಬರ್ 27ಕ್ಕೆ ಜಪಾನಿನ ವಿಡಿಯೋ ಜರ್ನಲಿಸ್ಟ್ ಕೆಂಜಿ ನಾಗಾಯಿಯನ್ನ ಯಂಗೂನ್ ರಸ್ತೆಯಲ್ಲೇ ಗುಂಡಿಟ್ಟು ಕೊಂದ್ರು, ಕೈಲಿದ್ದ ಕ್ಯಾಮೆರಾ ಸಿಕ್ಕಿ ಅವರ ತಂಗಿ ಕೈಗೆ ಬಂದಿದ್ದು 2023ರಲ್ಲಿ. 2022ರ ಜುಲೈನಲ್ಲಿ ಇನ್ನೊಬ್ಬ ಜಪಾನಿ ಡಾಕ್ಯುಮೆಂಟರಿ ಮೇಕರ್ ತೋರು ಕುಬೋತಾ ಒಂದು ಸಣ್ಣ ಪ್ರೊಟೆಸ್ಟ್ ಶೂಟ್ ಮಾಡ್ತಿದ್ದಕ್ಕೆ ಸಿಕ್ಕಿಬಿದ್ದು 10 ವರ್ಷ ಶಿಕ್ಷೆ ಆಯ್ತು, ಮೂರೂವರೆ ತಿಂಗಳಿಗೆ ಕ್ಷಮಾದಾನದಲ್ಲಿ ಹೊರಗೆ ಬಂದ್ರು. ಇದಕ್ಕೇ ನಾನು ಹುಡುಗನಿಗೆ ಮೊದಲನೇ ಮಾತು ಖಡಾಖಂಡಿತ ಹೇಳಿದ್ದು, ಯಾರು ಕರೆದ್ರೂ, ಥಾಯ್ ಗಡಿ ಊರು ಮೇಸೋಟ್ ಕಡೆ ಸುಮ್ನೆ ನೋಡಿ ಬರೋಣ ಅಂತ ಹೋದ್ರೂ, ಗಡಿಯ ಮೋಯಿ ನದಿ ದಾಟಿ ಆ ಕಡೆ ಕಾಲಿಡಬೇಡ. ನದಿ ಆಚೆಯ ಮ್ಯಾವಡ್ಡಿ ಕಡೆ ಆನ್‌ಲೈನ್ ಮೋಸ ಮಾಡಿಸೋ ಸ್ಕ್ಯಾಮ್ ಕಾಂಪೌಂಡುಗಳಲ್ಲಿ ನಮ್ಮ ದೇಶದ ನೂರಾರು ಹುಡುಗ್ರು ಸಿಕ್ಕಿಹಾಕ್ಕೊಂಡು, 2025ರ ಮಾರ್ಚಲ್ಲಿ ಏರ್‌ಫೋರ್ಸ್ ವಿಮಾನದಲ್ಲಿ ವಾಪಸ್ ಕರ್ಕೊಂಡು ಬಂದಿದ್ದು ಮರೆಯೋಕಾಗುತ್ತಾ.

ಸರಿ, ಗಡಿಯ ಈಚೆ ಕಡೆ, ಬ್ಯಾಂಕಾಕಲ್ಲೇ ನಿಂತ್ಕೊಂಡ್ರೆ? ಇಲ್ಲಿ ಬಹಳ ಜನ ತಪ್ಪು ತಿಳ್ಕೊಳೋದು ಹಕ್ಕು ಮತ್ತು ವೀಸಾ ಎರಡೂ ಒಂದೇ ಅಂತ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದದ 21ನೇ ವಿಧಿ ಶಾಂತಿಯುತವಾಗಿ ಸೇರೋ ಹಕ್ಕು ಕೊಡುತ್ತೆ, 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಅದು ವಿದೇಶೀಯರಿಗೂ, ವಲಸೆ ಕಾರ್ಮಿಕರಿಗೂ, ನಿರಾಶ್ರಿತರಿಗೂ ಅನ್ವಯ ಅಂತ ಬಿಡಿಸಿ ಹೇಳಿದೆ. ಥಾಯ್ಲೆಂಡ್ ಜಪಾನ್ ಭಾರತ ಆ ಒಪ್ಪಂದದಲ್ಲಿದಾವೆ, ಸಿಂಗಾಪುರ ಮಲೇಷ್ಯಾ ಇಲ್ಲ. ಆದ್ರೆ ಒಪ್ಪಂದ ಒಂದು ಕಡೆ, ಇಮಿಗ್ರೇಶನ್ ಆಫೀಸು ಇನ್ನೊಂದು ಕಡೆ.

ಇದನ್ನ ಚೆನ್ನಾಗಿ ತೋರಿಸೋದು ಜಪಾನಿನ ಒಂದು ಕೇಸು. ರೊನಾಲ್ಡ್ ಮೆಕ್ಲೀನ್ ಅಂತ ಅಮೆರಿಕದವನು, ಟೋಕಿಯೋದಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ದ, ವಿಯೆಟ್ನಾಂ ಯುದ್ಧದ ವಿರುದ್ಧ ಮೆರವಣಿಗೆಗಳಿಗೆ ಹೋಗ್ತಿದ್ದ, ಕಲ್ಲು ಹೊಡೆದಿಲ್ಲ ಗಲಾಟೆ ಮಾಡಿಲ್ಲ. 1970ರಲ್ಲಿ ವೀಸಾ ರಿನ್ಯೂ ಮಾಡ್ಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, 1978ರಲ್ಲಿ ತೀರ್ಪು ಬಂತು. ವಿದೇಶೀಯನಿಗೂ ರಾಜಕೀಯ ಅಭಿವ್ಯಕ್ತಿಯ ಹಕ್ಕಿದೆ ಅಂತ ಕೋರ್ಟ್ ಒಪ್ಕೊಳ್ತು, ಆದ್ರೆ ಆ ಹಕ್ಕು ವೀಸಾ ವ್ಯವಸ್ಥೆಯ ಚೌಕಟ್ಟಿನ ಒಳಗೆ ಮಾತ್ರ, ಹಾಗಾಗಿ ಕಾನೂನುಬದ್ಧವಾಗಿ ಮಾಡಿದ ಪ್ರೊಟೆಸ್ಟನ್ನೂ ರಿನ್ಯೂವಲ್ ಟೈಮಲ್ಲಿ ಅವನ ವಿರುದ್ಧ ಲೆಕ್ಕಕ್ಕೆ ತಗೋಬೋದು ಅಂತಾನೂ ಹೇಳ್ತು. ಅಂದ್ರೆ ನೀನು ಮಾಡಿದ್ದು ಅಪರಾಧ ಅಲ್ಲ, ಯಾರೂ ಜೈಲಿಗೆ ಹಾಕಲ್ಲ, ಆದ್ರೆ ಮುಂದಿನ ವರ್ಷ ಇಲ್ಲಿರೋದು ನಮ್ಮ ಇಷ್ಟ. ಬಹಳ ದೇಶಗಳ ಸ್ಥಿತಿಯೂ ಇದೇ, ಜಪಾನ್ ಅದನ್ನ ಬಾಯಿಬಿಟ್ಟು ಹೇಳಿದೆ ಅಷ್ಟೇ.

ನಮ್ಮ ದೇಶ ಬೇರೆ ಅಂದ್ಕೋಬೇಡಿ. ನಮ್ಮ ಸಂವಿಧಾನದಲ್ಲಿ 14 ಮತ್ತು 21ನೇ ವಿಧಿ ಈ ನೆಲದ ಮೇಲಿರೋ ಎಲ್ಲರಿಗೂ, ಆದ್ರೆ ಮಾತಾಡೋ ಸಭೆ ಸೇರೋ ಹಕ್ಕು ಕೊಡೋ 19ನೇ ವಿಧಿ ನಾಗರಿಕರಿಗೆ ಮಾತ್ರ, ವಿದೇಶೀಯನನ್ನ ಹೊರಗೆ ಹಾಕೋ ಅಧಿಕಾರ ಸರ್ಕಾರಕ್ಕಿದೆ ಅಂತ 1955ರಲ್ಲೇ ಹ್ಯಾನ್ಸ್ ಮುಲ್ಲರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರ ಡಿಸೆಂಬರಲ್ಲಿ ಸಿಎಎ ವಿರುದ್ಧದ ಪ್ರೊಟೆಸ್ಟಿಗೆ ಹೋಗಿದ್ದಕ್ಕೆ ಚೆನ್ನೈ ಐಐಟಿಯ ಜರ್ಮನ್ ಸ್ಟೂಡೆಂಟ್ ಒಬ್ಬ, ಕೊಚ್ಚಿಯಲ್ಲಿ ನಾರ್ವೆಯ ಟೂರಿಸ್ಟ್ ಒಬ್ಬರು ದೇಶ ಬಿಡಬೇಕಾಯ್ತು. ಜಾಧವ್‌ಪುರ ಯೂನಿವರ್ಸಿಟಿಯ ಪೋಲೆಂಡ್ ಸ್ಟೂಡೆಂಟಿಗೂ ನೋಟಿಸ್ ಬಂತು, ಆದ್ರೆ 2020ರ ಮಾರ್ಚಲ್ಲಿ ಕಲ್ಕತ್ತಾ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಆಗ ಇಲ್ಲಿ ಬಹಳ ಜನ ವಿದೇಶೀಯರಿಗೆ ನಮ್ಮ ದೇಶದ ಉಸಾಬರಿ ಎಂತಕ್ಕೆ ಅಂದಿದ್ರು. ಈಗ ನಮ್ಮ ಹುಡುಗ ಇನ್ನೊಂದು ದೇಶದಲ್ಲಿ ನಿಂತು ಕೇಳ್ತಿರೋದೂ ಅದೇ ಪ್ರಶ್ನೆ, ಹಾಗಾಗಿ ನಮಗೊಂದು ಅವರಿಗೊಂದು ಅಂತ ಮಾತಾಡೋಕೆ ಮನಸ್ಸು ಒಪ್ಪಲ್ಲ.

ಸಿಂಗಾಪುರದಲ್ಲಿರೋರಿಗೆ ನನ್ನ ಉತ್ತರ ನೇರ, ರಸ್ತೆಗೆ ಹೋಗಬೇಡಿ. ಅಲ್ಲಿ ಒಬ್ಬನೇ ಬೋರ್ಡ್ ಹಿಡ್ಕೊಂಡು ನಿಂತ್ರೂ ಪರ್ಮಿಟ್ ಬೇಕು, ಅಲ್ಲಿನ ನಾಗರಿಕರಿಗೆ ಪರ್ಮಿಟ್ ಇಲ್ದೆ ಸೇರೋಕೆ ಬಿಟ್ಟಿರೋ ಸ್ಪೀಕರ್ಸ್ ಕಾರ್ನರ್ ಅನ್ನೋ ಜಾಗದ ಪ್ರೊಟೆಸ್ಟಿಗೂ ವಿದೇಶೀಯರು ಹೋಗೋ ಹಾಗಿಲ್ಲ, 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್ ವಿಷ್ಯಕ್ಕೇ ಪೊಲೀಸರು ಹೇಳಿಕೆ ಕೊಟ್ಟು ವೀಸಾ ವರ್ಕ್ ಪಾಸ್ ರದ್ದಾಗುತ್ತೆ ಅಂತ ಎಚ್ಚರಿಸಿದ್ರು.

ಥಾಯ್ಲೆಂಡ್ ಮಧ್ಯದ್ದು. 2015ರ ಕಾನೂನು ಪ್ರಕಾರ ಆಯೋಜಕರು 24 ಗಂಟೆ ಮೊದಲು ಪೊಲೀಸರಿಗೆ ತಿಳಿಸಬೇಕು, ಬರೋ ವಿದೇಶೀಯನನ್ನ ಅಲ್ಲೇ ಹಿಡಿಯೋದು ಮಾಮೂಲಿ ಅಲ್ಲ, ಆದ್ರೆ 1979ರ ಇಮಿಗ್ರೇಶನ್ ಆಕ್ಟ್ ಪ್ರಕಾರ ಸಾರ್ವಜನಿಕ ಶಾಂತಿಗೆ ಅಪಾಯ ಅಂತ ಅನ್ನಿಸಿದ್ರೆ ವೀಸಾ ರದ್ದು ಮಾಡ್ಬೋದು, ಬ್ಲ್ಯಾಕ್‌ಲಿಸ್ಟ್ ಮಾಡ್ಬೋದು. ವರ್ಕ್ ಪರ್ಮಿಟ್ ಕಂಪನಿ ಹೆಸರಿಗೆ ಕಟ್ಟಿಹಾಕಿರುತ್ತೆ, ಕೆಲಸ ಹೋದ್ರೆ ವೀಸಾನೂ ಹೋಗುತ್ತೆ. ಇನ್ನೊಂದು, ಅಲ್ಲಿ ರಾಜಮನೆತನಕ್ಕೆ ಅವಮಾನ ಮಾಡಿದ್ರೆ ಹಾಕೋ 112ನೇ ಕಲಂ ಇದೆ, ಒಂದೊಂದು ಆರೋಪಕ್ಕೆ 3ರಿಂದ 15 ವರ್ಷ. ಬರ್ಮಾ ಪ್ರೊಟೆಸ್ಟಿಗೆ ಥಾಯ್ ಹುಡುಗ್ರೂ ಬರ್ತಾರೆ, ಪ್ರೊಟೆಸ್ಟಿನ ಗುರುತಾಗಿರೋ ಮೂರು ಬೆರಳಿನ ಸೆಲ್ಯೂಟ್ ಬರ್ಮಾಕ್ಕೆ ಹೋಗಿದ್ದೇ ಥಾಯ್ಲೆಂಡಿಂದ, ಅವರ ಘೋಷಣೆ ಯಾವಾಗ ಯಾವ ಕಡೆ ತಿರುಗುತ್ತೆ ಅಂತ ಭಾಷೆ ಬಾರದ ನಮ್ಮ ಹುಡುಗನಿಗೆ ಗೊತ್ತಾಗಲ್ಲ. ಅರ್ಥ ಆಗದ ಘೋಷಣೆ ಕೂಗಬೇಡ ಅಂದೆ.

ಆದ್ರೆ ಇದೆಲ್ಲ ಅವನ ರಿಸ್ಕ್. ನಂಗೆ ಹೆಚ್ಚು ಕಾಡಿದ್ದು ಆ ಬರ್ಮಾದ ಹುಡುಗೀದು. ಅವನ ವೀಸಾ ಹೋದ್ರೆ ಬೆಂಗಳೂರಿಗೆ ಬಂದು ಅಲ್ಲಿಂದ ರಾತ್ರಿ ಟ್ರೇನಲ್ಲಿ ಸಾಗರಕ್ಕೆ ಬಂದು ಇಳಿತಾನೆ, ಅಕ್ಕ ನಾಲ್ಕು ದಿನ ಬೈತಾಳೆ, ಮುಗೀತು. ಅವಳ ವೀಸಾ ಹೋದ್ರೆ? ಥಾಯ್ಲೆಂಡ್ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಾವೂ ಹಾಕಿಲ್ಲ, ವಾಪಸ್ ಕಳ್ಸಿದ್ರೆ ಸೇನಾಭರ್ತಿ ಅಥವಾ ಜೈಲು. ಪಾಸ್‌ಪೋರ್ಟ್ ಮುಗಿದ್ರೆ ರಿನ್ಯೂ ಮಾಡಿಸೋಕೆ ಅವಳು ಹೋಗಬೇಕಾದ್ದು ಅದೇ ಸಾಥೋರ್ನ್ ರಸ್ತೆಯ ಎಂಬಸಿಗೆ, ಯಾವ ಗೇಟಿನ ಹೊರಗೆ ನಿಂತು ಕೂಗಿದ್ಲೋ ಅದೇ ಗೇಟಿನ ಒಳಗೆ. ವಿದೇಶದಲ್ಲಿ ದುಡಿಯೋರು ಸಂಬಳದ 25 ಪರ್ಸೆಂಟ್ ಸರ್ಕಾರ ಒಪ್ಪಿದ ದಾರಿಯಲ್ಲೇ ಮನೆಗೆ ಕಳಿಸಬೇಕು ಅಂತ 2023ರಲ್ಲಿ ರೂಲ್ ಬೇರೆ ತಂದಿದಾರೆ. ಮತ್ತೆ ಊರಲ್ಲಿ ಅಪ್ಪ ಅಮ್ಮ ಇದಾರೆ, ಬೇಕಾದವರು ಸಿಗದಿದ್ರೆ ಮನೆಯವರನ್ನ ಹಿಡ್ಕೊಂಡು ಹೋಗಿರೋದು ಅಲ್ಲಿ ಒಂದೆರಡು ಸಲ ಅಲ್ಲ. ಹಾಗಾಗಿ ಪ್ರೊಟೆಸ್ಟಲ್ಲಿ ಲಾಠಿಗಿಂತ ಅಪಾಯದ್ದು ನಮ್ಮ ಕೈಲಿರೋ ಮೊಬೈಲ್. ನಮ್ಮ ಹುಡುಗ ಖುಷಿಗೆ ಒಂದು ಸೆಲ್ಫಿ ತಗೊಂಡು ಇನ್‌ಸ್ಟಾಗ್ರಾಮಿಗೆ ಹಾಕಿದ ಅಂದ್ಕೊಳ್ಳಿ, ಹಿಂದೆ ನಿಂತ ಹತ್ತು ಮುಖಗಳ ಊರು ಮನೆ ವಿಳಾಸ ಹುಡುಕೋಕೆ ಅದು ಸಾಕು.

ಯಾರ ಪರ ನಿಲ್ತಿದೀವಿ ಅನ್ನೋದೂ ಗೊತ್ತಿರಬೇಕು. ಬರ್ಮಾದ ಚಳುವಳಿ ಅಂದ್ರೆ ಸೂ ಕಿ ಒಬ್ಬರದ್ದೇ ಅಲ್ಲ, ಕರೆನ್, ಕಚಿನ್, ಚಿನ್ ಅನ್ನೋ ಅಲ್ಪಸಂಖ್ಯಾತ ಜನ ಹತ್ತಾರು ವರ್ಷದಿಂದ ಅದೇ ಸೇನೆ ಜೊತೆ ಹೋರಾಡ್ತಿದಾರೆ. 2017ರಲ್ಲಿ 7 ಲಕ್ಷಕ್ಕಿಂತ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಸೇನೆಯ ದಾಳಿಗೆ ಬಾಂಗ್ಲಾಕ್ಕೆ ಓಡಿದ್ರು, ಆ ಕೇಸಲ್ಲಿ 2019ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟಿಗೆ ಹೋಗಿ ದೇಶದ ಪರ ವಾದ ಮಾಡಿದ್ದು ಸೂ ಕಿ ಅವರೇ. ಸೇನೆ ಅಧಿಕಾರ ಹಿಡಿದ್ಮೇಲೆ ಬಹುಸಂಖ್ಯಾತ ಬಮಾರ್ ಯುವಕರು ಎಷ್ಟೋ ಜನ ನಾವು ಆಗ ಸುಮ್ನಿದ್ದಿದ್ದು ತಪ್ಪಾಯ್ತು ಅಂತ ರೋಹಿಂಗ್ಯಾಗಳಿಗೆ ಬಹಿರಂಗವಾಗಿ ಹೇಳಿದ್ರು. ಅಲ್ಲಿಗೆ ಹೋಗಿ ಸಿಕ್ಕಿದ ಫೋಟೋ ಸಿಕ್ಕಿದ ಬಾವುಟ ಎತ್ತಿ ಹಿಡಿಯೋ ಮುಂಚೆ ಅದರ ಅರ್ಥ ಅವಳನ್ನ ಕೇಳು ಅಂದೆ.

ಇಷ್ಟೆಲ್ಲ ಇದ್ರೂ ಹೋಗು ಅಂತಾನೇ ನಾನು ಹೇಳಿದ್ದು. ಕಾರಣ ಒಂದೇ, ಅವಳು ಕರೆದಿದಾಳೆ. ಅವನೇ ಎಲ್ಲೋ ಸುದ್ದಿ ನೋಡಿ ಬಿಸಿ ರಕ್ತಕ್ಕೆ ಹೊರಟಿದ್ರೆ ಬ್ಯಾಡ ಅಂತಿದ್ದೆ. ಯಾರ ಜೀವ ಪಣಕ್ಕಿದೆಯೋ ಅವರು ಲೆಕ್ಕ ಹಾಕಿ, ನೀನು ಪಕ್ಕದಲ್ಲಿದ್ರೆ ನಂಗೆ ಧೈರ್ಯ ಅಂದಾಗ, ಜೊತೆಗಿರೋದು ನಮ್ಮಿಂದಾಗೋ ಕೆಲಸ. ವಿದೇಶೀಯರು ನಾಲ್ಕು ಜನ ಇದ್ದಲ್ಲಿ ಪೊಲೀಸರೂ ಸ್ವಲ್ಪ ನೋಡಿ ಕೈ ಎತ್ತುತಾರೆ ಅನ್ನೋದು ನಿಜ. ಆದ್ರೆ ಮೈಕ್ ಹಿಡಿಯಬೇಡ, ಟಿವಿಯವರು ನಿನ್ನ ಮುಖ ನೋಡಿ ಬಂದ್ರೆ ಅವಳ ಕಡೆ ಕೈ ತೋರಿಸು, ಅವಳೂ ಬ್ಯಾಡ ಅಂದ್ರೆ ಸುಮ್ನಿರು, ಗಲಾಟೆ ಶುರುವಾದ್ರೆ ಅವಳ ಜೊತೆಗೇ ಹೊರಟು ಬಾ, ನಮ್ಮ ಎಂಬಸಿ ನಂಬರ್ ಪೇಪರ್ ಮೇಲೆ ಬರೆದು ಜೇಬಲ್ಲಿಟ್ಕೋ, ಅವರು ಬಂದು ನಿನ್ನನ್ನ ನೋಡ್ಬೋದು ಲಾಯರ್ ಲಿಸ್ಟ್ ಕೊಡ್ಬೋದು, ಗಡೀಪಾರು ತಪ್ಪಿಸೋಕೆ ಆಗಲ್ಲ.

ಮತ್ತೆ ಅವಳಿಂದ ಆಗದ, ಅವನಿಂದ ಆಗೋ ಒಂದು ಕೆಲಸ ಇದೆ, ಅದು ಪ್ರೊಟೆಸ್ಟಿಗಿಂತ ದೊಡ್ಡದು ಅಂತ ನನ್ನ ನಂಬಿಕೆ. ಅವನು ಭಾರತದ ವೋಟರ್. ಬರ್ಮಾ ಜೊತೆ ನಮಗೆ 1,643 ಕಿಲೋಮೀಟರ್ ಗಡಿ ಇದೆ, ಮಿಜೋರಾಂನಲ್ಲಿ ಹತ್ತಾರು ಸಾವಿರ ನಿರಾಶ್ರಿತರಿದಾರೆ, 2021ರ ಜೂನ್ 18ಕ್ಕೆ ವಿಶ್ವಸಂಸ್ಥೆಯಲ್ಲಿ 119 ದೇಶ ಸೇನಾಡಳಿತದ ವಿರುದ್ಧ ವೋಟ್ ಹಾಕಿದಾಗ ದೂರ ಉಳಿದ 36ರಲ್ಲಿ ನಾವೂ ಇದ್ವಿ, ಥಾಯ್ಲೆಂಡೂ ಇತ್ತು. ಜೂನ್ 18, ಮಡಗಾಂವಲ್ಲಿ ಲೋಹಿಯಾ ನಿಷೇಧ ಮುರಿದ ಅದೇ ತಾರೀಖು. ಈ ಪ್ರಶ್ನೆನ ನಮ್ಮ ಎಂಪಿಗೆ ಕೇಳೋ ಹಕ್ಕು ಬರ್ಮಾದವರಿಗಿಲ್ಲ, ನಮಗಿದೆ, ಅದಕ್ಕೆ ಯಾವ ವೀಸಾನೂ ಬೇಕಾಗಿಲ್ಲ. ಕಂಪನಿಗಳ ವಿಷ್ಯದಲ್ಲೂ ಹೊರಗಿನವರ ಒತ್ತಡ ಕೆಲಸ ಮಾಡಿದೆ. ಸೇನೆಯ ಕಂಪನಿ ಜೊತೆ ಬಿಯರ್ ವ್ಯವಹಾರದಲ್ಲಿದ್ದ ಜಪಾನಿನ ಕಿರಿನ್ ಕಾಲು ತೆಗೀತು, ಬರ್ಮಾದ ಯಡಾನಾ ಗ್ಯಾಸ್ ಫೀಲ್ಡಿಂದ ಫ್ರಾನ್ಸಿನ ಟೋಟಲ್ ಮತ್ತು ಅಮೆರಿಕದ ಶೆವ್ರಾನ್ ಹೊರಡ್ತೀವಿ ಅಂತ 2022ರ ಜನವರಿಯಲ್ಲಿ ಹೇಳಿದ್ವು, ಸೇನೆಗೆ ಸೇರಿದ ಸಂಸ್ಥೆಯ ಜಾಗದಲ್ಲಿ ಯಂಗೂನ್ ಬಂದರು ಕಟ್ತಿದ್ದ ನಮ್ಮ ಅದಾನಿ ಪೋರ್ಟ್ಸ್ 2023ರ ಮೇನಲ್ಲಿ ಅದನ್ನ 3 ಕೋಟಿ ಡಾಲರಿಗೆ ಮಾರಿ ಹೊರಗೆ ಬಂತು. ಗ್ಯಾಸ್ ನಿಂತಿಲ್ಲ, ಟೋಟಲ್ ಬಿಟ್ಟ ಜಾಗಕ್ಕೆ ಥಾಯ್ಲೆಂಡಿನ ಕಂಪನಿ ಬಂದು ಕೂತಿದೆ, ಬ್ಯಾಂಕಾಕಿನ ಲೈಟ್ ಉರಿಯೋದ್ರಲ್ಲಿ ಆ ಗ್ಯಾಸಿನ ಪಾಲೂ ಇದೆ. ಹುಡುಗನಿಗೆ ಇದು ಗೊತ್ತಿರಲಿಲ್ಲ, ಫೋನಲ್ಲಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಫೆಬ್ರವರಿ 1ಕ್ಕೆ ಹೋದ. ಕಪ್ಪು ಶರ್ಟ್ ಹಾಕ್ಕೊಂಡು ಮಾಸ್ಕ್ ಕಟ್ಕೊಂಡು ಹಿಂದಿನ ಸಾಲಲ್ಲಿ ನಿಂತಿದ್ನಂತೆ, ನೀರಿನ ಬಾಟಲಿ ಹಂಚೋ ಕೆಲಸ ಕೊಟ್ಟಿದ್ರಂತೆ, ಎರಡು ಗಂಟೇಲಿ ಮುಗೀತು, ಯಾರಿಗೂ ಏನೂ ಆಗ್ಲಿಲ್ಲ. ರಾತ್ರಿ ಫೋನ್ ಮಾಡಿದಾಗ ಅಕ್ಕ ಇಸ್ಕೊಂಡು ಎಲ್ಲಿ ಫೋಟೋ ಕಳ್ಸು ನೋಡೋಣ, ಆ ಹುಡುಗಿ ಹೆಂಗಿದಾಳೆ ಅಂತ ಕೇಳಿದ್ಲು. ಒಂದೂ ತೆಗೆದಿಲ್ಲ ಅಮ್ಮ ಅಂದ. ಯಾಕೋ ಅಂದ್ಲು. ಅವಳ ಅಮ್ಮ ಮಂಡಾಲೇಲಿದಾರೆ ಅಂದ.